ದುಡ್ಡು ಕಟ್ಟಿದರೆ ರಾಜ ನೆಗೆಯುತ್ತಾನಾ?

ಒಂದು ಸಣ್ಣ ವಿಷಯವನ್ನು ನಾನೇ ಕೂತು ತೀರ್ಮಾನ ಮಾಡೋಣ ಅಂತ ಹೊರಟರೆ ಸಾಕು, ಅದು ಹೇಗೋ ಕೈ ಜಾರಿ ಬೀದಿಗೆ ಬಿದ್ದು, ನೆಂಟರ ಮನೆ ಹೊಕ್ಕು, ಊರೆಲ್ಲ ಸುತ್ತಿ, ಕೊನೆಗೆ ನನ್ನ ತಲೆಯನ್ನೇ ಕೆಡಿಸಿ ಕೂರುತ್ತದೆ. ಸೀರೆ ತಗೊಳ್ಳೋದರಿಂದ ಹಿಡಿದು ಗ್ಯಾಸ್ ಒಲೆ ಬದಲಾಯಿಸೋ ತನಕ ನನಗೆ ಹೀಗೇ ಆಗಿರೋದು. ಈ ಸಲ ಆಗಿದ್ದು ಚೆಸ್ಸಿನಿಂದ.

ನಾನು ಚನ್ನಪಟ್ಟಣದ ಹಳೇ ಹೆದ್ದಾರಿ ಪಕ್ಕ ಬೊಂಬೆ ಅಂಗಡಿ ಇಟ್ಟಿರೋಳು. ಹಿಂದಿನ ಶೆಡ್ಡಿನಲ್ಲಿ ನಮ್ಮನೆಯವರು ಲೇತಿನ ಮುಂದೆ ಕೂತು ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ, ಮುಂದೆ ನಾನು ಮಾರುತ್ತೇನೆ. ಹೊಸ ರೋಡು ಬಂದ ಮೇಲೆ ಕಾರುಗಳೆಲ್ಲ ಊರ ಹೊರಗಿಂದಲೇ ಹಾರಿಕೊಂಡು ಹೋಗುತ್ತವೆ. ನಮ್ಮ ಅಂಗಡಿ ಮುಂದೆ ನಿಲ್ಲೋರು ಒಂದೋ ದಾರಿ ತಪ್ಪಿದವರು, ಇಲ್ಲ ಪಂಕ್ಚರ್ ಆದವರು. ಹಾಗಾಗಿ ಮಧ್ಯಾಹ್ನ ಪೂರ್ತಿ ನನಗೆ ಬಿಡುವು. ವರ್ಷಗಟ್ಟಲೆ ಚೆಸ್ ಸೆಟ್ಟು ಮಾರಿದವಳಿಗೆ ಕುದುರೆ ಹೇಗೆ ಹೋಗುತ್ತೆ ಅನ್ನೋದು ಗೊತ್ತಿರಲಿಲ್ಲ. ಬಸುರಿ ಮಗಳು ತವರಿಗೆ ಬಂದಾಗ, ಹೊತ್ತು ಹೋಗದೆ, ನನ್ನ ಫೋನಿನಲ್ಲಿ ಚೆಸ್ಸು ಹಾಕಿಕೊಟ್ಟು ಕಲಿಸಿದಳು. ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು.

ಮಗಳನ್ನು ಕೊಟ್ಟಿರೋದು ಕನಕಪುರದ ಆಚೆ, ದೊಡ್ಡಆಲಹಳ್ಳಿ ಕಡೆಗೆ. ಅವಳ ಮಾವ, ಅಂದರೆ ನಮ್ಮ ಬೀಗರು, ಅರಳಿಕಟ್ಟೆ ಮೇಲೆ ಚೆಸ್ಸು ಆಡಿ ಆಡಿ ಪಳಗಿದ ಮನುಷ್ಯ. ಬಂದಾಗೆಲ್ಲ ನನ್ನ ಜೊತೆ ಒಂದು ಆಟ ಹಾಕುತ್ತಾರೆ. ಅವರ ಕೈಲಿರೋ ಕಾಫಿ ಆರೋದರೊಳಗೆ ನಾನು ಸೋತಿರುತ್ತೇನೆ. ಆಮೇಲೆ ಲೋಟ ಕೆಳಗಿಟ್ಟು, "ಬೀಗಿತ್ತಿಯೋರಿಗೆ ಬೊಂಬೆ ಮಾರೋಕೆ ಬತ್ತದೆ, ಆಡ್ಸೋಕೆ ಬರಾಕಿಲ್ಲ" ಅಂತ ಎಲ್ಲರ ಎದುರಿಗೆ ಹೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಹೆಣ್ಣು ಕೊಟ್ಟೋರು, ನಗಬೇಕು, ನಗುತ್ತೇನೆ.

ಮೊಮ್ಮಗ ಹುಟ್ಟಿದಾಗ ನೋಡೋಕೆ ಬಂದ ಬೀಗರು ತೊಟ್ಟಿಲ ಹತ್ತಿರ ನಿಂತು, "ಮಗೀಗೆ ನಮ್ಮಪ್ಪನ ಹೆಸ್ರು. ಮರಿಕೆಂಪಯ್ಯ. ಅದ್ರಲ್ಲಿ ಮಾತಿಲ್ಲ" ಅಂದರು. ಮಂಚದ ಮೇಲಿದ್ದ ಮಗಳು ನನ್ನ ಸೆರಗು ಜಗ್ಗಿದಳು. ಅವಳು ಆಗಲೇ ದಕ್ಷ್ ಅಂತ ಆರಿಸಿಟ್ಟಿದ್ದಳು. ನಾನು ಧೈರ್ಯ ಮಾಡಿ ಹೇಳಿದೆ.

"ದಕ್ಸಾ? ಅದೇನ್ ಹೆಸ್ರು? ಕೂಗೋಕೆ ಬಾಯಿ ತೆಗ್ದು ಮುಚ್ಚೋದ್ರೊಳ್ಗೆ ಮುಗ್ದೋಯ್ತದೆ. ಹೊಲದ ಆ ಬದೀಲಿ ಇರೋನಿಗೆ ಕೇಳ್ತದಾ?"

"ಕಾಲ ಬದಲಾಗಿದೆ ಬೀಗ್ರೆ. ಈಗ ಹೊಲದಲ್ಲೂ ಫೋನ್ ಇದೆ" ಅಂದೆ.

ಅವರು ತೊಟ್ಟಿಲು ಬಿಟ್ಟು ನನ್ನ ಕಡೆ ತಿರುಗಿದರು. "ಸರಿ ಬುಡಿ, ನ್ಯಾಯವಾಗೇ ಹೋಗಾನ. ಮೂರನೇ ತಿಂಗಳಿಗೆ ನಾಮಕರಣ. ಅವತ್ತು ಒಂದಾಟ. ನೀವು ಗೆದ್ರೆ ನಿಮ್ಮಗಳು ಹೇಳಿದ್ದು. ನಾನು ಗೆದ್ರೆ ನಮ್ಮಪ್ಪ."

ಮಗಳ ಅತ್ತೆ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಮಗಳು ಮಾತ್ರ ಅವತ್ತಿಂದ ನನ್ನನ್ನು ಕಂಡಾಗೆಲ್ಲ, "ಅಮ್ಮಾ, ನನ್ನ ಮಗನ ಹೆಸರು ನಿನ್ನ ಕೈಲಿದೆ" ಅನ್ನೋಕೆ ಶುರು ಮಾಡಿದಳು.

೧. ಬೈಯೋದು ಪುಕ್ಕಟೆ

ಫೋನಿನ ಚೆಸ್ಸಿಗೆ ಒಂದು ಚಾಳಿ ಇದೆ. ಆಟ ಸೋತ ಕೂಡಲೇ, "ಈ ಆಟದಲ್ಲಿ ನೀವು ಮೂರು ದೊಡ್ಡ ತಪ್ಪು ಮಾಡಿದ್ದೀರಿ" ಅಂತ ಕೆಂಪಕ್ಷರದಲ್ಲಿ ತೋರಿಸುತ್ತದೆ. ಯಾವ ತಪ್ಪಪ್ಪಾ ಅಂತ ಒತ್ತಿದರೆ ಬೀಗ. ನೋಡಬೇಕು ಅಂದರೆ ದುಡ್ಡು ಕಟ್ಟಿ ಮೆಂಬರ್ ಆಗಬೇಕಂತೆ. ದಿನಕ್ಕೆ ಒಂದೇ ಒಂದು ಆಟದ್ದು ಬಿಟ್ಟಿಯಾಗಿ ತೋರಿಸುತ್ತದೆ. ಅದು ಯಾವಾಗಲೂ ನಾನು ಅಪ್ಪಿತಪ್ಪಿ ಗೆದ್ದ ಆಟವೇ ಆಗಿರುತ್ತದೆ, ಯಾಕಂದರೆ ಗೆದ್ದ ಖುಷಿಯಲ್ಲಿ ನಾನೇ ಒತ್ತಿರುತ್ತೇನೆ.

ನನಗಿದು ಅರ್ಥವಾಗಲಿಲ್ಲ. ಡಾಕ್ಟರ ಹತ್ತಿರ ಹೋದರೆ, ನಿಮಗೆ ಕಾಯಿಲೆ ಇದೆ, ಯಾವುದು ಅಂತ ಹೇಳೋಕೆ ಬೇರೆ ಫೀಸು ಅಂದಹಾಗಾಯಿತು. ಅಷ್ಟಕ್ಕೂ ಬೀಗರ ಮುಂದೆ ನಾನು ಯಾಕೆ ಸೋಲುತ್ತೇನೆ ಅಂತ ಗೊತ್ತಾಗದೆ ಗೆಲ್ಲೋದು ಹೇಗೆ? ಕಟ್ಟೋಣ ಅನ್ನಿಸುತ್ತದೆ. ಕಟ್ಟಿದ ಮೇಲೂ ಸೋತರೆ ಅನ್ನಿಸುತ್ತದೆ. ಬೇಡ ಅಂತ ಫೋನು ಮಡಗುತ್ತೇನೆ. ಮಗು ಅಳುತ್ತದೆ. ಆ ಅಳು ಕೇಳಿದರೆ ಮರಿಕೆಂಪಯ್ಯ ಅಂತ ಕರೆದ ಹಾಗೇ ಕೇಳಿಸುತ್ತದೆ.

ಒಂದು ದಿನ ಊಟಕ್ಕೆ ಬಂದ ನಮ್ಮನೆಯವರ ಹತ್ತಿರ ಕೇಳಿದೆ. ಅವರು ತಲೆ ಮೇಲಿನ ಮರದ ಪುಡಿ ಕೊಡವಿಕೊಳ್ಳುತ್ತಾ, "ಏನೇನ್ ಕೊಡ್ತಾರಂತೆ ದುಡ್ಡಿಗೆ?" ಅಂದರು.

"ನಾನು ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ಏನು ಮಾಡಬೇಕಿತ್ತು, ಎಲ್ಲಾ ಹೇಳುತ್ತಂತೆ. ದಿನಾ ಎಷ್ಟು ಸಲ ಬೇಕಾದರೂ."

ಅವರು ಮುದ್ದೆ ಮುರಿಯೋದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಮದ್ವೆ ಆದಾಗ್ನಿಂದ ನಾನು ಮಾಡ್ತಿರೋದು ಅದೇ ಅಲ್ವೇನಮ್ಮಿ? ಒಂದ್ಸಲನಾದ್ರೂ ಮೆಂಬರ್‌ಶಿಪ್ ಕೇಳಿದ್ನಾ?"

೨. ಕುದುರೆ ಮುಟ್ಟಿ ಕಾದದ್ದು

ಫೋನಿನಲ್ಲಿ ಕಲಿತವರ ಕಷ್ಟ ಮರದ ಮಣೆ ಮುಂದೆ ಕೂತಾಗ ಗೊತ್ತಾಗುತ್ತದೆ.

ಮೈಸೂರು ಕಡೆಗೆ ಹೊರಟಿದ್ದ ಗಂಡ ಹೆಂಡತಿ ಒಂದು ದಿನ ಅಂಗಡಿ ಮುಂದೆ ಕಾರು ನಿಲ್ಲಿಸಿದರು. ಪಂಕ್ಚರ್ ಆಗಿರಲಿಲ್ಲ, ದಾರಿಯೂ ತಪ್ಪಿರಲಿಲ್ಲ, ಬೊಂಬೆ ತಗೊಳ್ಳೋಕೇ ನಿಂತಿದ್ದರು. ನನಗೆ ಹಬ್ಬ. ಆ ಯಜಮಾನರು ಕೆಂಪು ಹಳದಿ ಚೆಸ್ ಸೆಟ್ಟು ನೋಡಿ, "ಚೆನ್ನಾಗಿದೆ. ಆದರೆ ನಮಗೆ ಆಡೋಕೆ ಬರಲ್ಲ" ಅಂದರು.

"ಅದೇನು ಬ್ರಹ್ಮವಿದ್ಯೆ ಸಾರ್? ನಾನು ತೋರಿಸ್ತೀನಿ ಬನ್ನಿ" ಅಂತ ಮಣೆ ಹಾಸಿದೆ. ಕಾಯಿ ಜೋಡಿಸಿದೆ. "ನೋಡಿ, ಇದು ಕುದುರೆ. ಇದು ಎಲ್ಲೆಲ್ಲಿಗೆ ಹೋಗುತ್ತೆ ಅಂತ ಈಗ ಕಾಣಿಸುತ್ತೆ" ಅಂದು ಕುದುರೆ ತಲೆ ಮೇಲೆ ಬೆರಳಿಟ್ಟೆ.

ಇಟ್ಟು ಕಾದೆ. ಫೋನಿನಲ್ಲಿ ಕುದುರೆ ಮುಟ್ಟಿದರೆ ಅದು ಹೋಗಬಹುದಾದ ಮನೆಗಳಲ್ಲಿ ಚುಕ್ಕಿ ಬರುತ್ತದೆ. ನನ್ನ ತಲೆಯಲ್ಲಿ ಅದೇ ಇತ್ತು. ಚುಕ್ಕಿ ಬರಲಿಲ್ಲ. ಇನ್ನೊಂದು ಸಲ ಒಸಿ ಜೋರಾಗಿ ಒತ್ತಿದೆ. ಆ ಗಂಡ ಹೆಂಡತಿ ಕೂಡ ಮಣೆ ಮೇಲೆ ಬಗ್ಗಿ ಬಹಳ ಗಮನವಿಟ್ಟು ನೋಡುತ್ತಾ ನಿಂತರು. ಮೂರೂ ಜನ ಹಾಲೆ ಮರದ ಕುದುರೆಯನ್ನೇ ನೋಡುತ್ತಿದ್ದೇವೆ.

ಕೊನೆಗೆ ಆ ಹೆಂಗಸು ಮೆಲ್ಲಗೆ, "ಏನು ಬರಬೇಕು ಇದರಲ್ಲಿ?" ಅಂತ ಕೇಳಿದರು.

ನನಗೆ ಆಗ ಎಚ್ಚರ ಆಯಿತು. ಬೆರಳನ್ನು ಮೆಲ್ಲಗೆ ಹಿಂದಕ್ಕೆ ತಗೊಂಡೆ. ಅಷ್ಟರಲ್ಲಿ ಹಿಂದಿನಿಂದ ನಮ್ಮನೆಯವರು ಲೇತು ನಿಲ್ಲಿಸಿ ಕೂಗಿದರು. "ಅದು ನಿನ್ನೆ ತಾನೇ ಕಡೆದಿದ್ದು ಕಣಮ್ಮಿ, ಇನ್ನೂ ಚಾರ್ಜಿಗೆ ಹಾಕಿಲ್ಲ."

ಅವರು ಸೆಟ್ಟು ತಗೊಂಡರು. ಹೋಗುವಾಗ ಆ ಯಜಮಾನರು ಚಾರ್ಜರ್ ಬೇರೆ ಕೊಳ್ಳಬೇಕಾ ಅಂತ ಕೇಳಿದರು.

೩. ರಷ್ಯಾದವನ ಹರಾಜು

ದುಡ್ಡು ಕಟ್ಟಿ ಮೆಂಬರ್ ಆದವರೊಬ್ಬರನ್ನೇ ಕೇಳಿಬಿಡೋಣ ಅನ್ನಿಸಿತು. ರಾಮನಗರದಲ್ಲಿ ನೂಲು ಬಿಚ್ಚೋ ಫಿಲೇಚರ್ ಇಟ್ಟಿರುವ ಸಾಹೇಬರೊಬ್ಬರು ನಮ್ಮ ಹಳೇ ಗಿರಾಕಿ. ನಮ್ಮಲ್ಲೇ ಚೆಸ್ ಸೆಟ್ಟು ತಗೊಂಡಿದ್ದವರು. ಅವರು ಕಟ್ಟಿದ್ದಾರೆ ಅಂತ ಗೊತ್ತಿತ್ತು. ಹೊಂಗನೂರಿನ ನಮ್ಮಣ್ಣ ಅವತ್ತು ಗೂಡು ತುಂಬಿಕೊಂಡು ರಾಮನಗರದ ರೇಷ್ಮೆ ಮಾರ್ಕೆಟ್ಟಿಗೆ ಹೊರಟಿದ್ದ. ಗಾಡೀಲಿ ನಾನೂ ಹತ್ತಿಕೊಂಡೆ.

ಮಾರ್ಕೆಟ್ಟಿನಲ್ಲಿ ಈಗ ಹರಾಜು ಅಂದರೆ ಕೂಗಾಟ ಇಲ್ಲ. ರೈತರು ಗೂಡು ಸುರಿದು ಪಕ್ಕ ನಿಲ್ಲುತ್ತಾರೆ. ನೂಲು ಬಿಚ್ಚೋ ರೀಲರುಗಳು ಬಂದು ಗೂಡು ಹಿಸುಕಿ ನೋಡಿ, ಫೋನಿನಲ್ಲೇ ರೇಟು ಒತ್ತುತ್ತಾರೆ. ಬಂದ ರೇಟು ರೈತನಿಗೆ ಒಪ್ಪಿಗೆ ಆದರೆ ಸರಿ, ಇಲ್ಲಾಂದರೆ ಕೊಡಲ್ಲ ಅಂದು ಮುಂದಿನ ಸುತ್ತಿಗೆ ಕಾಯಬಹುದು. ನಾನು ಟೀ ಕುಡಿದು ಬರೋಷ್ಟರಲ್ಲಿ ಸಾಹೇಬರು ನಮ್ಮಣ್ಣನ ಗೂಡಿನ ಮುಂದೆಯೇ ನಿಂತು ಫೋನು ನೋಡುತ್ತಿದ್ದರಂತೆ. ಮುಂದಿನದ್ದು ಅಣ್ಣ ಹೇಳಿದ್ದು.

ಸಾಹೇಬರು ಫೋನು ನೋಡಿ ತಲೆ ಅಲ್ಲಾಡಿಸಿದರು. ಅಣ್ಣ ಒಂದು ಗೂಡು ಎತ್ತಿ ಹಿಡಿದ. "ಸಾಹೇಬ್ರೆ, ಗೂಡು ಗಟ್ಟಿ ಐತೆ, ಒಸಿ ಮುಟ್ಟಿ ನೋಡಿ" ಅಂದ. ಸಾಹೇಬರು ನಿಟ್ಟುಸಿರು ಬಿಟ್ಟರು. "ಮಳೆಗೆ ನೆಂದಿಲ್ಲ ಸಾಹೇಬ್ರೆ, ಸೊಪ್ಪು ಚೆನ್ನಾಗಿ ಹಾಕಿವ್ನಿ" ಅಂದ. ಸಾಹೇಬರು ಹಣೆ ಒತ್ತಿಕೊಂಡು, "ಎದುರಿಗೆ ರಷ್ಯಾದವನು ಕೂತವ್ನೆ. ಬಿಡಲ್ಲ ಅವನು. ಜೋರಾಗಿ ಬರ್ತಾ ಅವ್ನೆ" ಅಂದರು.

ಅಣ್ಣ ನನ್ನನ್ನು ಹುಡುಕಿಕೊಂಡು ಓಡಿ ಬಂದ. "ಏನಮ್ಮಿ, ರಷ್ಯಾದೋರು ನಮ್ ಗೂಡು ಕೇಳ್ತಾವ್ರೆ. ಸಾಹೇಬ್ರೇ ಹೇಳಿದ್ರು. ರೇಟು ಈಗ್ಲೇ ಚೆನ್ನಾಗ್ ಬಂದದೆ, ಆದ್ರೆ ಇಷ್ಟಕ್ಕೆ ಕೊಡಲ್ಲ ಅಂದ್ಬುಟ್ಟೆ. ಎರಡನೇ ಸುತ್ತಲ್ಲಿ ಅವ್ನು ಏರ್ತಾನೆ."

ನನಗೂ ಏನೂ ತಿಳಿಯದೆ, ಇರಬಹುದೇನೋ, ಈಗ ಎಲ್ಲಾ ಆನ್‌ಲೈನ್ ಅಲ್ಲವಾ, ಅಂದುಬಿಟ್ಟೆ. ಎರಡನೇ ಸುತ್ತಿನಲ್ಲಿ ರೇಟು ಇಳಿಯಿತು. ಮೂರನೇ ಸುತ್ತಿನಲ್ಲಿ ಇನ್ನೂ ಇಳಿಯಿತು. ಕೊನೆಗೆ ಸಾಹೇಬರೇ ತಗೊಂಡರು. ಆಮೇಲೆ ನಾನು ಅವರನ್ನು ಮಾತಾಡಿಸಿ, ಆ ರಷ್ಯಾದವರು ಯಾಕೆ ಹಿಂದೆ ಸರಿದರು ಅಂತ ಕೇಳಿದೆ. "ಎಲ್ಲಿ ಸರಿದ? ನನ್ನ ಆನೆ ಎರಡೂ ಹೊಡೆದು ಗೆದ್ದುಬಿಟ್ಟನಲ್ಲ" ಅಂತ ಫೋನು ತೋರಿಸಿದರು. ಚೆಸ್ಸು.

ನಾನು ಬಂದ ಕೆಲಸ ಮರೀಬಾರದು ಅಂತ ಮೆಂಬರ್‌ಶಿಪ್ ವಿಷಯ ಕೇಳಿದೆ. ಸಾಹೇಬರು ಪ್ರಾಮಾಣಿಕರು. "ಅಕ್ಕಾ, ಮೊದಲು ಯಾಕೆ ಸೋಲ್ತೀನಿ ಅಂತ ಗೊತ್ತಾಗ್ತಿರ್ಲಿಲ್ಲ. ಈಗ ಚೆನ್ನಾಗಿ ಗೊತ್ತಾಗ್ತದೆ. ಸೋಲೋದು ಹಂಗೇ ಐತೆ" ಅಂದರು. ಇದು ಕಟ್ಟು ಅಂತಲೋ ಬೇಡ ಅಂತಲೋ, ದಾರಿಯುದ್ದಕ್ಕೂ ಯೋಚನೆ ಮಾಡಿದರೂ ನನಗೆ ಬಗೆಹರಿಯಲಿಲ್ಲ.

ಅಣ್ಣನಿಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಚೆಸ್ಸು ಕಣೋ, ಆಟ, ರಷ್ಯಾದವನಿಗೂ ನಿನ್ನ ಗೂಡಿಗೂ ಸಂಬಂಧ ಇಲ್ಲ ಅಂದೆ. ಅವನು ಖಾಲಿ ಚೀಲ ಮಡಚುತ್ತಾ, "ಆಟ ಗೆದ್ದ ಖುಷೀಲಾದ್ರೂ ಗೂಡು ಕೇಳ್ಬೋದಿತ್ತು ಕಣಮ್ಮಿ ಅವ್ನು" ಅಂದ.

೪. ಕ್ಯಾನ್ಸಲ್

ನಾಮಕರಣ ಹತ್ತಿರ ಬಂತು. ಮುಂದಿನ ಗುರುವಾರ ನಿಗದಿ. ನನ್ನದು ಇನ್ನೂ ತೀರ್ಮಾನ ಇಲ್ಲ. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡೋ ಅಳಿಯ ಶಿಫ್ಟು ಮುಗಿಸಿ ಮಗು ನೋಡೋಕೆ ಬಂದಾಗ ಅವನನ್ನೇ ಹಿಡಿದೆ. ಪಾಪ, ಅವನ ಸ್ಥಿತಿ ಯಾರಿಗೂ ಬೇಡ. ಆ ಕಡೆ ಅಪ್ಪ, ಈ ಕಡೆ ಅತ್ತೆ, ನಡುವೆ ಹೆಂಡತಿ. "ಅತ್ತೆ, ಒಂದು ವಾರ ಬಿಟ್ಟಿಯಾಗಿ ನೋಡಬಹುದು. ಮುಂದಿನ ಬುಧವಾರ ಸಂಜೆಯೊಳಗೆ ಕ್ಯಾನ್ಸಲ್ ಮಾಡಿಬಿಟ್ಟರೆ ದುಡ್ಡು ಕಟ್ಟಾಗಲ್ಲ. ಮರೆತರೆ ಮಾತ್ರ ಪೂರ್ತಿ ವರ್ಷದ್ದು ಎಳ್ಕೊಂಡುಬಿಡುತ್ತೆ" ಅಂತ ಹೇಳಿ ಒತ್ತಿಕೊಟ್ಟ. "ನಾನು ಮಾಡಿಕೊಟ್ಟೆ ಅಂತ ಅಪ್ಪಂಗೆ ಹೇಳಬೇಡಿ" ಅಂತಲೂ ಅಂದ.

ವಾರವೆಲ್ಲ ಚೆನ್ನಾಗೇ ಇತ್ತು. ಬೀಗ ತೆಗೆದ ಮೇಲೆ ನನ್ನ ತಪ್ಪುಗಳು ರಾಶಿ ರಾಶಿಯಾಗಿ ಹೊರಗೆ ಬಂದವು. ಶುರುವಿನಲ್ಲೇ ಮಂತ್ರಿಯನ್ನು ಊರು ಸುತ್ತೋಕೆ ಕಳಿಸಬಾರದಂತೆ. ರಾಜನನ್ನು ಮೂಲೆಗೆ ಕೂರಿಸಬೇಕಂತೆ. ನೆಮ್ಮದಿಯಾಗಿ ಕಲಿಯುತ್ತಿದ್ದೆ, ಆದರೆ ಆ ಬುಧವಾರದ ಭಯ ಒಂದು. ನನ್ನ ಮರೆವು ನನಗೆ ಗೊತ್ತು. ಅದಕ್ಕೇ ಹಾಲಿನವನಿಗೆ, ಎದುರಿನ ಹೂವಿನ ಅಂಗಡಿಯವಳಿಗೆ, ಟೀ ಅಂಗಡಿಯವರಿಗೆ, "ಬುಧವಾರ ಕ್ಯಾನ್ಸಲ್ ಮಾಡಬೇಕು, ಒಂಚೂರು ನೆನಪು ಮಾಡ್ರಪ್ಪ" ಅಂತ ಹೇಳಿಟ್ಟೆ. ಏನು ಕ್ಯಾನ್ಸಲ್ ಅಂತ ಯಾರೂ ಕೇಳಲಿಲ್ಲ. ಕೇಳದೇ ಇದ್ದರೆ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಾಗಿದೆ ಅಂತ ಅರ್ಥ.

ಬುಧವಾರ ಬೆಳಿಗ್ಗೆ ಮಾಗಡಿಯಿಂದ ಅಡುಗೆಯವರ ಫೋನು. "ಅಕ್ಕಾ, ಕಾರ್ಯ ನಿಂತೋಯ್ತಂತಲ್ಲಾ? ಹೋಗ್ಲಿ ಬುಡಿ, ನಾನು ನಾಳೆಗೆ ಕುದೂರಲ್ಲಿ ಬೇರೆ ಒಪ್ಕೊಂಡ್ಬುಟ್ಟೆ."

ಫೋನು ಹಿಡಿದೇ ಬೀದಿಗೆ ಓಡಿದೆ. ಶಾಮಿಯಾನದವನ ಆಟೋ ನಮ್ಮನೆ ಮುಂದೆಯೇ ಕಂಬ ತುಂಬಿಕೊಂಡು ನಿಲ್ಲದೇ ಹೋಯಿತು. ಹಿಂದಿನ ಬೀದಿ ಅಜ್ಜಿ ಬಂದು, ನನ್ನ ಕೈ ಹಿಡಿದು, ಕಣ್ಣೀರು ತಂದುಕೊಂಡು, "ಗಂಡನ ಮನೆಯೋರು ಮಗಳನ್ನ ಕರ್ಕೊಂಡೋಗಾಕಿಲ್ಲ ಅಂದ್ರಂತೆ? ಹೆಸರಿನ ವಿಷ್ಯಕ್ಕೆ ಹಿಂಗಾ ಮಾಡೋದು?" ಅಂದಳು. ಒಳಗಿದ್ದ ಮಗಳು ಇದನ್ನು ಕೇಳಿಸಿಕೊಂಡು ನಿಜವಾಗಿಯೂ ಅಳೋಕೆ ಶುರು ಮಾಡಿದಳು. ಅವಳು ಅತ್ತದ್ದು ನೋಡಿ ಅಜ್ಜಿಗೆ ಸುದ್ದಿ ಖಾತ್ರಿಯಾಯಿತು.

ಆ ದಿನ ಪೂರ್ತಿ ನಾನು ಮಾಡಿದ್ದು ಒಂದೇ ಕೆಲಸ. ಹಾಲಿನವನಿಗೆ ಕ್ಯಾನ್ಸಲ್ ಇಲ್ಲ ಅಂದೆ. ಹೂವಿನವಳಿಗೆ ಕ್ಯಾನ್ಸಲ್ ಇಲ್ಲ ಅಂದೆ. ಶಾಮಿಯಾನದವನನ್ನು ಅಡ್ಡಗಟ್ಟಿ ಹೇಳಿದೆ. ಮಾಗಡಿಯವರನ್ನು ಅಣ್ಣಾ ತಮ್ಮಾ ಅಂತ ಬೇಡಿಕೊಂಡು ವಾಪಸು ಒಪ್ಪಿಸಿದೆ. ನೆಂಟರಿಷ್ಟರಿಗೆಲ್ಲ ಫೋನು ಮಾಡಿ, ಕ್ಯಾನ್ಸಲ್ ಇಲ್ಲ, ಕ್ಯಾನ್ಸಲ್ ಇಲ್ಲ, ದಯವಿಟ್ಟು ಬನ್ನಿ ಅಂತ ಗಂಟಲು ಕಟ್ಟಿಸಿಕೊಂಡೆ. ದೀಪ ಹಚ್ಚೋ ಹೊತ್ತಿಗೆ ಉಸ್ಸಪ್ಪಾ ಅಂತ ಕೂತರೆ ಫೋನು ಟಿಂಗ್ ಅಂದಿತು. ವರ್ಷದ ದುಡ್ಡು ಕಟ್ಟಾಗಿತ್ತು.

ಇಡೀ ಊರಿಗೆ ಸಾರಿದ್ದೆ ನೋಡಿ, ಫೋನಿಗೂ ಕೇಳಿಸಿರಬೇಕು.

೫. ರಾಜ ನೆಗೆದದ್ದು

ಗುರುವಾರ ಎಲ್ಲರೂ ಬಂದರು. ಕ್ಯಾನ್ಸಲ್ ಆಗಿದೆ ಅಂತ ಸುದ್ದಿ ಹಬ್ಬಿದ್ದರಿಂದ, ಏನಾಯಿತು ಅಂತ ನೋಡೋಕೆ ಕರೆಯದವರೂ ಬಂದರು. ಒಳಗೆ ತೊಟ್ಟಿಲಿಗೆ ಹೂವು ಕಟ್ಟಿದ್ದರು. ಜಗುಲಿಯಲ್ಲಿ ಚಾಪೆ ಹಾಸಿ, ನಮ್ಮನೆಯವರು ಆ ದಿನಕ್ಕೇ ಅಂತ ಕಡೆದ ಹೊಸ ಕಾಯಿಗಳನ್ನು ಜೋಡಿಸಿದ್ದರು. ಇಸ್ತ್ರಿ ಮಾಡಿದ ಬಿಳೀ ಶರಟಿನಲ್ಲಿ ಬೀಗರು ಬಂದು ಕೂತರು. ಆಟ ಮುಗಿದು ಹೆಸರು ತೀರ್ಮಾನ ಆದ ಮೇಲೆ ತೊಟ್ಟಿಲ ಶಾಸ್ತ್ರ, ಆಮೇಲೆ ಊಟ ಅಂತ ಮಾತಾಗಿತ್ತು. ಒಬ್ಬಟ್ಟಿನ ಸಾರಿನ ವಾಸನೆ ಜಗುಲಿ ತನಕ ಬರುತ್ತಿತ್ತು. ನೆಂಟರು ಹಸಿದ ಕಣ್ಣುಗಳಿಂದ ನನ್ನನ್ನು ನೋಡುತ್ತಿದ್ದರು. ಬೇಗ ಸೋತರೆ ಬೇಗ ಊಟ ಅನ್ನೋದು ಅವರ ಆಸೆ ಅಂತ ನನಗೆ ಗೊತ್ತಾಗುತ್ತಿತ್ತು.

ನಾನು ಸೋಲಲಿಲ್ಲ. ಮಂತ್ರಿಯನ್ನು ಊರು ಸುತ್ತೋಕೆ ಕಳಿಸಲಿಲ್ಲ. ಕಾಲಾಳುಗಳನ್ನು ಒಂದಕ್ಕೊಂದು ಆಸರೆ ಕೊಟ್ಟು ನಿಲ್ಲಿಸಿದೆ. ಬೀಗರ ಕಾಫಿ ಆರಿತು, ಮೇಲೆ ಕೆನೆ ಕಟ್ಟಿತು. ಅವರು ಲೋಟ ಮುಟ್ಟಲೂ ಇಲ್ಲ. "ಬೀಗಿತ್ತಿಯೋರು ಯಾಕೋ ಯೋಚ್ನೆ ಮಾಡಿ ಆಡ್ತಾವ್ರೆ ಇವತ್ತು" ಅಂತ ಗೊಣಗಿದರು. ಅವರ ಒಂಟೆ ಹೋಯಿತು. ಒಂದು ಆನೆ ಹೋಯಿತು. ಅವರ ಒಂದು ಆನೆ ನಾನು ತಿನ್ನೋದು ಅಂದರೆ, ದೇವರಾಣೆ, ನಾನೇ ನಂಬಲಿಲ್ಲ. ಕೊನೆಗೆ ನನ್ನ ಮಂತ್ರಿಯನ್ನು ಅವರ ರಾಜನ ಎದುರಿಗೆ ತಂದು ಇಟ್ಟೆ. ಎಂಟೂ ದಿಕ್ಕು ನೋಡಿದೆ. ಎಲ್ಲೂ ಜಾಗ ಇರಲಿಲ್ಲ.

"ಚೆಕ್ಕು ಬೀಗ್ರೆ" ಅಂದೆ. "ರಾಜನಿಗೆ ಹೋಗೋಕೆ ಮನೆ ಇಲ್ಲ."

ಬೀಗರು ಮಣೆಯನ್ನೇ ನೋಡಿದರು. ಮೀಸೆ ತೀಡಿದರು. ಆಮೇಲೆ ಬಹಳ ಶಾಂತವಾಗಿ ರಾಜನನ್ನು ಎತ್ತಿ, ಕುದುರೆ ಥರ ಎರಡೂವರೆ ಮನೆ ನೆಗೆಸಿ, ಆ ಕಡೆ ಮೂಲೆಯಲ್ಲಿ ಕೂರಿಸಿದರು.

"ಇದೇನಿದು?" ಅಂದೆ.

"ರಾಜ ನೆಗ್ದ."

"ರಾಜ ಎಲ್ಲಾದರೂ ನೆಗೀತಾನಾ?"

"ಆಟಕ್ಕೆ ಒಂದ್ಸಲ ನೆಗೀಬೋದು. ನಮ್ಮ ಕಟ್ಟೆ ಮೇಲೆ ಅಜ್ಜನ ಕಾಲದಿಂದ್ಲೂ ನೆಗೀತಾನೆ."

ನನಗೆ ತಲೆ ಗಿರ್ರಂದಿತು. ಇಷ್ಟು ಆಟ ಆಡಿದ್ದೇವೆ, ಈ ವಿಷಯ ನನಗೆ ಗೊತ್ತೇ ಇಲ್ಲ. ಹೇಗೆ ಗೊತ್ತಾಗಬೇಕು, ಅವರ ರಾಜ ನೆಗೆಯೋ ಪರಿಸ್ಥಿತಿ ನಾನು ಯಾವತ್ತಾದರೂ ತಂದಿದ್ದರೆ ತಾನೆ. ನ್ಯಾಯಕ್ಕೆ ನಮ್ಮನೆಯವರ ಮುಖ ನೋಡಿದೆ. ಅವರು ಕತ್ತು ಕೆರೆದುಕೊಂಡು, "ನಮ್ಮಪ್ಪ ಆಡೋವಾಗ್ಲೂ ನೆಗೀತಿದ್ದ ಕಣಮ್ಮಿ, ಒಂದ್ಸಲ" ಅಂದರು. ಈ ಮಾತು ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮನುಷ್ಯ. ಅಷ್ಟರಲ್ಲಿ ಎಲೆ ಹಾಕಬಹುದಾ ಅಂತ ಕೇಳೋಕೆ ಸೌಟು ಹಿಡಿದು ಬಂದಿದ್ದ ಮಾಗಡಿಯ ಅಡುಗೆಯವರು, "ನಮ್ ಕಡೆ ಎರಡ್ ಸಲ ನೆಗೀತಾನೆ" ಅಂದರು.

ನಾನು ಫೋನು ತೆಗೆದೆ. "ನೋಡಿ, ಲೋಕವೆಲ್ಲ ಇದರಲ್ಲೇ ಆಡೋದು. ಇದರಲ್ಲಿ ರಾಜ ನೆಗೆಯಲ್ಲ" ಅಂತ ರಾಜನನ್ನು ಒತ್ತಿ ಎಳೆದು ತೋರಿಸಿದೆ. ಅವನು ಅಲ್ಲಾಡಲಿಲ್ಲ.

"ಅದು ಬಿಟ್ಟೀದು" ಅಂದರು ಬೀಗರು. "ಬಿಟ್ಟೀದ್ರಲ್ಲಿ ಯಾಕ್ ನೆಗೀತಾನೆ? ದುಡ್ ಕಟ್ಟಿದ್ರೆ ನೆಗೀತಾನೆ."

"ದುಡ್ಡು ಕಟ್ಟಿದೀನಿ" ಅಂದೆ. ನಮ್ಮನೆಯವರು ಥಟ್ಟನೆ ನನ್ನ ಕಡೆ ತಿರುಗಿದರು. ಅದು ಅವರಿಗೆ ಹೇಳಿರಲಿಲ್ಲ.

ಬೀಗರು ಫೋನು ಇಸಿದುಕೊಂಡು, ಕನ್ನಡಕ ಏರಿಸಿ, ದೂರ ಹಿಡಿದು ನೋಡಿದರು. ಮೆಂಬರ್‌ಶಿಪ್ಪಿನಲ್ಲಿ ಬೆಳ್ಳಿ, ಚಿನ್ನ, ವಜ್ರ ಅಂತ ಮೂರು ಥರ ಇದ್ದವು. ಅಳಿಯ ನನಗೆ ಹಾಕಿಕೊಟ್ಟಿದ್ದು ಬೆಳ್ಳಿಯದು. "ಇಲ್ನೋಡಿ ಮತ್ತೆ. ನಿಮ್ದು ಬೆಳ್ಳೀದು. ವಜ್ರದಲ್ಲಿ ನೆಗೀತಾನೆ" ಅಂದರು.

ನನಗೆ ಅರೆಕ್ಷಣ ಇದ್ದರೂ ಇರಬಹುದೇನೋ ಅನ್ನಿಸಿಬಿಟ್ಟಿತು. ಬೀಗ ಹಾಕಿಟ್ಟಿರೋದು ಏನೇನಿದೆಯೋ ಯಾರಿಗೆ ಗೊತ್ತು? ನೆಂಟರು ಎರಡು ಪಾಲಾದರು. ಕನಕಪುರದವರು ನೆಗೀತಾನೆ ಅಂದರು, ನಮ್ಮ ಕಡೆಯವರು ನೆಗೆಯಲ್ಲ ಅಂದರು, ಹೊಂಗನೂರಿನ ನಮ್ಮಣ್ಣ ರಷ್ಯಾದಲ್ಲಿ ಹೇಗೆ ಅಂತ ಯಾರಾದರೂ ಕೇಳಿ ಅಂದ. ಅಳಿಯನನ್ನು ಕರೆಸಿದೆವು. ಅವನು ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, "ನಾನು ಎಲೆ ಹಾಕಿಸ್ತೀನಿ" ಅಂತ ಹಿತ್ತಲಿಗೆ ಹೊರಟುಹೋದ.

ನಾವು ಹೀಗೆ ಕೂಗಾಡುತ್ತಿರುವಾಗ ಒಳಗಿನಿಂದ ಹೆಂಗಸರ ಸೋಬಾನೆ ಕೇಳಿಸಿತು. ಬೀಗರೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಎದ್ದು ಓಡಿದೆವು. ತೊಟ್ಟಿಲು ಆಗಲೇ ತೂಗುತ್ತಿತ್ತು. ಮಗಳು ಹೊಸ ಸೀರೆಯಲ್ಲಿ ನೆಮ್ಮದಿಯಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಅವಳ ಅತ್ತೆ ತೊಟ್ಟಿಲ ಹಗ್ಗ ಹಿಡಿದಿದ್ದರು.

"ಏನಿದು? ಹೆಸ್ರು ತೀರ್ಮಾನ ಆಗ್ದಲೇ?" ಅಂದರು ಬೀಗರು.

"ಆಗೋಯ್ತು. ಸೋದರತ್ತೆ ಕಿವೀಲಿ ಮೂರ್ ಸಲ ಹೇಳಿನೂ ಆಯ್ತು. ದಕ್ಷ್" ಅಂದರು ಮಗಳ ಅತ್ತೆ.

"ನಮ್ಮಪ್ಪನ ಹೆಸ್ರು?"

ಮೂರು ತಿಂಗಳಿಂದ ಈ ಹೆಸರಿನ ಬಗ್ಗೆ ಒಂದು ಮಾತಾಡದ ಆ ಹೆಂಗಸು ಹಗ್ಗ ಬಿಡದೇ ಗಂಡನ ಕಡೆ ತಿರುಗಿದರು. "ನಿಮ್ಮಪ್ಪ ನಂಗೆ ಮಾವ ಅಲ್ವಾ? ಮದ್ವೆ ಆಗಿ ಬಂದಾಗ್ನಿಂದ ಆ ಹೆಸ್ರು ನನ್ ಬಾಯಲ್ಲಿ ಬಂದಿಲ್ಲ. ಮಾವನ ಹೆಸ್ರು ಸೊಸೆ ಹೇಳಾಂಗಿಲ್ಲ. ಮೊಮ್ಮಗನಿಗೆ ಅದನ್ನೇ ಇಟ್ರೆ ನಾನು ಅವನನ್ನ ಏನಂತ ಕೂಗ್ಲಿ? ಊಟಕ್ಕೆ ಏನಂತ ಕರೀಲಿ? ಇರೋ ಒಂದ್ ಮೊಮ್ಮಗನ್ನ ಹೆಸ್ರಿಡ್ದು ಮುದ್ದಾಡೋಕೂ ಆಗ್ದಂಗೆ ಮಾಡ್ತೀರಲ್ಲ ನೀವು."

ಬೀಗರು ತೊಟ್ಟಿಲೊಳಗೆ ಬಗ್ಗಿ ನೋಡಿದರು. ಈ ಕಷ್ಟ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಬೀಗರು ಮೆತ್ತಗೆ, "ಮೊದ್ಲೇ ಹೇಳ್ಬಾರ್ದಿತ್ತಾ?" ಅಂದರು.

"ಹೇಳಿದ್ರೆ ಕೇಳೋರಾ ನೀವು? ನಾನೂ ಸೊಸೆನೂ ಹೋದ್ ತಿಂಗ್ಳೇ ಮಾತಾಡ್ಕೊಂಡೊ. ನೀವಿಬ್ರೂ ಜಗುಲೀಲಿ ಆಡ್ಕಂಡಿರಿ, ಅಷ್ಟ್ರೊಳ್ಗೆ ನಾವು ಶಾಸ್ತ್ರ ಮುಗಿಸಾನ ಅಂತ."

ನನಗೆ ಖುಷಿಪಡಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಹೆಸರೇನೋ ನಮ್ಮದೇ ನಿಂತಿತು, ಆದರೆ ನಾನು ಪಟ್ಟ ಪಾಡು? ಮಗಳ ಪಕ್ಕ ಕೂತು, "ಹಂಗಾದರೆ ನನಗೆ ಯಾಕೇ ಹೇಳಲಿಲ್ಲ? ಸುಮ್ಮನೆ ವರ್ಷದ ದುಡ್ಡು ದಂಡ ಆಯ್ತಲ್ಲ" ಅಂದೆ.

ಮಗಳು ಬಾಳೆಹಣ್ಣಿನ ಸಿಪ್ಪೆ ನನ್ನ ಕೈಗೆ ಕೊಟ್ಟು ಹೇಳಿದಳು. "ದಂಡ ಹೆಂಗಾಗುತ್ತಮ್ಮ? ಅದಿಲ್ಲದಿದ್ದರೆ ನೀನು ಕಾಫಿ ಆರೋದರೊಳಗೆ ಸೋತುಬಿಡ್ತಿದ್ದೆ. ನಮಗೆ ಹೆಸರಿಡೋಕೆ ಟೈಮ್ ಎಲ್ಲಿ ಸಿಗ್ತಿತ್ತು?"